ಮಣ್ಣಿಗೂ ದಾಸೋಹ ಸಲ್ಲಬೇಕು

(ಹಾಸನ ಜಿಲ್ಲೆಯ ರೈತ ಬಂಧುಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಹಳ್ಳಿಗಳಿಂದ ಬಂದಿರುವ ಶರಣ ಬಂಧುಗಳೇ, ತಾಯಂದಿರೇ,

ನನಗೆ ಕೊಟ್ಟಿರುವ ವಿಷಯ ‘ಸುಸ್ಥಿರ ಕೃಷಿ’. ಈ ಮಾತು ಪುಸ್ತಕದ್ದು. ನಮ್ಮ ಮನೆಗಳಲ್ಲಿ ಹಿರಿಯರು ಇದನ್ನು ‘ನಡೆದುಕೊಂಡು ಹೋಗುವ ಬೇಸಾಯ’ ಎನ್ನುತ್ತಿದ್ದರು. ಈ ವರ್ಷ ನಡೆದು ಮುಂದಿನ ವರ್ಷ ಮುಗ್ಗರಿಸುವ ಬೇಸಾಯ ಅಲ್ಲ. ಅಪ್ಪನ ಕೈಯಿಂದ ಮಗನಿಗೆ, ಮಗಳಿಗೆ, ಅವರ ಕೈಯಿಂದ ಮೊಮ್ಮಕ್ಕಳಿಗೆ ದಾಟುವ ಬೇಸಾಯ. ಅದು ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ಮೂರು ಪ್ರಶ್ನೆ ಸಾಕು. ಹತ್ತು ವರ್ಷದ ಹಿಂದಿಗಿಂತ ನನ್ನ ಹೊಲದ ಮಣ್ಣು ಮೆತ್ತಗಾಗಿದೆಯೋ, ಗಟ್ಟಿಯಾಗಿದೆಯೋ? ಬಾವಿಯ ನೀರು ಮೇಲೆ ಬಂದಿದೆಯೋ, ಕೆಳಗೆ ಹೋಗಿದೆಯೋ? ಸುಗ್ಗಿ ಮುಗಿದ ಮೇಲೆ ಸಾಲ ತೀರಿ ಮನೆಯಲ್ಲಿ ಏನಾದರೂ ಉಳಿಯುತ್ತಿದೆಯೋ? ಮೂರಕ್ಕೂ ಉತ್ತರ ಸರಿಯಿದ್ದರೆ ಈ ಉಪನ್ಯಾಸ ನಿಮಗೆ ಬೇಕಿಲ್ಲ. ಮೂರರಲ್ಲಿ ಒಂದು ತಪ್ಪಿದ್ದರೂ ಕುಳಿತು ಮಾತಾಡಬೇಕು.

ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ನಾಲ್ಕರ ಕಷ್ಟ ಒಂದೇ ಅಲ್ಲ. ಪಡುವಣದಿಂದ ಮೂಡಣಕ್ಕೆ ಹೋದಂತೆಲ್ಲ ಮಳೆ ಇಳಿಯುತ್ತದೆ. ಒಂದು ಕಡೆ ಕಾಲುವೆ ನೀರು ಹೆಚ್ಚಾಗಿ ಜೌಗು, ಇನ್ನೊಂದು ಕಡೆ ಕುಡಿಯುವ ನೀರಿಗೂ ಟ್ಯಾಂಕರ್. ಹಾಗಾಗಿ ಎಲ್ಲರಿಗೂ ಒಂದೇ ಮದ್ದು ಬರೆದುಕೊಡುವುದು ಸಲ್ಲದು. ಒಂದೊಂದನ್ನಾಗಿ ನೋಡೋಣ.

ಆಲೂಗಡ್ಡೆ ಕಲಿಸಿದ ಪಾಠ

ಹಾಸನ ಎಂದರೆ ಆಲೂಗಡ್ಡೆ ಎನ್ನುವ ಕಾಲವೊಂದಿತ್ತು. ಮೇ ತಿಂಗಳು ಬಂತೆಂದರೆ ಹಾಸನದ ಮಾರುಕಟ್ಟೆಯಲ್ಲಿ ಪಂಜಾಬಿನ ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆಯ ಲಾರಿಗಳು ಸಾಲುಗಟ್ಟುತ್ತಿದ್ದವು. ಮುಂಗಾರಿಗೆ ಮೊದಲೇ ನೆಟ್ಟು ಆಗಸ್ಟ್ ಹೊತ್ತಿಗೆ ಕಿತ್ತು, ಅದೇ ಹೊಲದಲ್ಲಿ ಮತ್ತೊಂದು ಬೆಳೆ ತೆಗೆಯಬಹುದಿತ್ತು. ಮೂರು ತಿಂಗಳಲ್ಲಿ ಕೈಗೆ ನಗದು. ಹೀಗಾಗಿ ಹತ್ತಾರು ಸಾವಿರ ಹೆಕ್ಟೇರಿನಲ್ಲಿ ವರ್ಷ ವರ್ಷವೂ ಅದೇ ಬೆಳೆ, ಬಹುಪಾಲು ಅದೇ ತಳಿ, ಕುಫ್ರಿ ಜ್ಯೋತಿ. ಆ ತಳಿ ಬಿಡುಗಡೆಯಾದದ್ದು 1968ರಲ್ಲಿ. ಬಂದಾಗ ಅದಕ್ಕೆ ಅಂಗಮಾರಿ ರೋಗವನ್ನು ತಡೆಯುವ ಶಕ್ತಿ ಇತ್ತು. ವರ್ಷಗಳು ಕಳೆದಂತೆ ರೋಗಾಣು ಆ ಶಕ್ತಿಯನ್ನು ದಾಟುವುದನ್ನು ಕಲಿಯಿತು. ನಾವು ಮಾತ್ರ ತಳಿ ಬದಲಿಸಲಿಲ್ಲ, ಬೆಳೆ ಬದಲಿಸಲಿಲ್ಲ, ಔಷಧಿಯ ಡಬ್ಬ ಬದಲಿಸಿದೆವು.

ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದ ಒಂದು ವಾರದಲ್ಲಿ ಹಸಿರು ಹೊಲ ಬೆಂದ ಹಾಗೆ ಕಪ್ಪಾಗುವುದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಇಂದು ಆ ಬೆಳೆಯ ವಿಸ್ತೀರ್ಣ ಹಿಂದಿನದರಲ್ಲಿ ಒಂದು ಪಾಲು ಮಾತ್ರ. ಆ ಜಾಗಕ್ಕೆ ಮುಸುಕಿನ ಜೋಳ ಬಂತು, ಶುಂಠಿ ಬಂತು.

ಇದೇ ರೋಗ 1845ರಲ್ಲಿ ಐರ್ಲೆಂಡ್ ದೇಶಕ್ಕೆ ಬಂದಿತ್ತು. ಅಲ್ಲಿಯ ಬಡವರು ಆಲೂಗಡ್ಡೆಯೊಂದನ್ನೇ ನಂಬಿ ಬದುಕುತ್ತಿದ್ದರು, ಅದರಲ್ಲೂ ಹೆಚ್ಚಾಗಿ ಒಂದೇ ತಳಿ. ಬೆಳೆ ಕೊಳೆಯಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ರೋಗದಿಂದ ಸತ್ತರು. ಅಷ್ಟೇ ಜನ ಅಥವಾ ಇನ್ನೂ ಹೆಚ್ಚು ಮಂದಿ ದೇಶ ಬಿಟ್ಟು ಹಡಗು ಹತ್ತಿದರು. ಹಾಸನದಲ್ಲಿ ಬೆಳೆ ಹೋದಾಗ ನಾವು ಉಪವಾಸ ಬೀಳಲಿಲ್ಲ. ಏಕೆ? ಮನೆಯಲ್ಲಿ ರಾಗಿ ಇತ್ತು, ಕೊಟ್ಟಿಗೆಯಲ್ಲಿ ಹಸು ಇತ್ತು, ಡೇರಿಗೆ ಹಾಲು ಹೋಗುತ್ತಿತ್ತು. ಅಂದರೆ ನಮ್ಮನ್ನು ಕಾದದ್ದು ನಾವು ಲೆಕ್ಕಕ್ಕೇ ಹಿಡಿಯದ ಆ ಸಣ್ಣ ಸಣ್ಣ ಆಸರೆಗಳು. ಇಂದು ರಾಗಿ ಬಿಟ್ಟು, ಹಸು ಮಾರಿ, ಇದ್ದ ನಾಲ್ಕೆಕರೆಗೂ ಒಂದೇ ಬೆಳೆ ಹಾಕುವವರು ಆ ಆಸರೆಗಳನ್ನು ತಾವೇ ಕಿತ್ತು ಹಾಕುತ್ತಿದ್ದಾರೆ.

ಶುಂಠಿಯ ಮಾತು ಬಂತು. ಶುಂಠಿಗೆ ಹೊಲವನ್ನು ಗುತ್ತಿಗೆ ಕೊಟ್ಟರೆ ಕೂತಲ್ಲೇ ಹಣ ಬರುತ್ತದೆ, ನಿಜ. ಆದರೆ ಶುಂಠಿ ಬೆಳೆಯುವವರು ಒಂದೇ ಜಾಗದಲ್ಲಿ ಏಕೆ ನಿಲ್ಲುವುದಿಲ್ಲ, ವರ್ಷ ವರ್ಷ ಹೊಸ ಹೊಲವನ್ನೇ ಏಕೆ ಹುಡುಕುತ್ತಾರೆ? ಕೊಳೆ ರೋಗ ಮಣ್ಣಿನಲ್ಲೇ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತು. ಅವರು ಮುಂದಿನ ಊರಿಗೆ ಹೋಗುತ್ತಾರೆ. ಹೊಲ ಎಲ್ಲಿಗೂ ಹೋಗುವುದಿಲ್ಲ, ನಮ್ಮ ಹತ್ತಿರವೇ ಉಳಿಯುತ್ತದೆ. ಗುತ್ತಿಗೆ ಕೊಡಲೇಬೇಕಾದ ಅನಿವಾರ್ಯ ಇದ್ದರೆ ಕರಾರಿನಲ್ಲಿ ಒಂದು ಮಾತು ಸೇರಿಸಿ: ಬಿಡುವ ಮುನ್ನ ಸೆಣಬು ಇಲ್ಲವೇ ಡಯಾಂಚ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಹೋಗಬೇಕು. ಹಣದ ಜೊತೆಗೆ ಇದನ್ನೂ ಕೇಳುವ ಹಕ್ಕು ಭೂಮಿಯ ಒಡೆಯನಿಗಿದೆ.

ಅರಕಲಗೂಡಿನ ಹೊಗೆ

ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ರಾಮನಾಥಪುರದಲ್ಲಿ, ತಂಬಾಕು ಹರಾಜು ಮಾರುಕಟ್ಟೆ ಇದೆ. ಹುಣಸೂರು, ಪಿರಿಯಾಪಟ್ಟಣದಂತೆ ಇಲ್ಲಿಯೂ ವರ್ಜೀನಿಯಾ ತಂಬಾಕು ಸಾವಿರಾರು ಮನೆಗಳ ಒಲೆ ಉರಿಸುತ್ತಿದೆ. ತಂಬಾಕು ಬೆಳೆಯುವವರನ್ನು ಈ ವೇದಿಕೆಯಿಂದ ಬಯ್ದು ಹೋಗಲು ನಾನು ಬಂದಿಲ್ಲ. ಆ ರೈತ ಏಕೆ ಬಿಡುವುದಿಲ್ಲ ಎಂದು ಕೇಳಿ ನೋಡಿ. ಮಂಡಳಿಯ ಪರವಾನಗಿ ಇದೆ, ಅದರ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ, ಗೊಬ್ಬರ ಸಿಗುತ್ತದೆ, ಹರಾಜಿನಲ್ಲಿ ದರ ಕಣ್ಣೆದುರೇ ಕೂಗುತ್ತಾರೆ, ಹಣ ಖಾತೆಗೆ ಬರುತ್ತದೆ. ಅವರೆ, ಅಲಸಂದೆ, ರಾಗಿ ಬೆಳೆದವನಿಗೆ ಇಂಥ ಒಂದು ಏರ್ಪಾಡನ್ನೂ ನಾವು ಮಾಡಿಕೊಟ್ಟಿಲ್ಲ. ಭಾರತ 2004ರಲ್ಲೇ ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಅಂಗೀಕರಿಸಿತು. ತಂಬಾಕು ಬೆಳೆಗಾರರಿಗೆ ಬೇರೆ ಜೀವನೋಪಾಯ ತೋರಿಸಬೇಕು ಎಂಬುದೂ ಆ ಒಪ್ಪಂದದಲ್ಲಿದೆ. ಬೇರೆ ದಾರಿ ತೋರಿಸದೆ ಈ ದಾರಿ ಬಿಡು ಎನ್ನುವುದು ನ್ಯಾಯವಲ್ಲ.

ಆದರೂ ಲೆಕ್ಕವನ್ನು ಪೂರ್ತಿ ಹಾಕಬೇಕು. ಬ್ಯಾರನ್‌ನಲ್ಲಿ ಒಂದು ಕೆ.ಜಿ. ಎಲೆ ಹದವಾಗಲು ಹಲವು ಕೆ.ಜಿ. ಸೌದೆ ಉರಿಯಬೇಕು. ಆ ಸೌದೆ ಎಲ್ಲಿಂದ ಬಂತು? ಬದುವಿನ ಹೊಂಗೆ, ಕೆರೆ ಏರಿಯ ಜಾಲಿ, ತೋಪಿನ ಮಾವು, ಹುಣಸೆ ಒಲೆಗೆ ಹೋದವು. ಹೊಂಗೆ ಹೋದರೆ ಹಸಿರೆಲೆ ಗೊಬ್ಬರ ಹೋಯಿತು, ನೆರಳು ಹೋಯಿತು, ಜೇನು ಹೋಯಿತು. ಇಬ್ಬನಿ ಆರದ ಎಲೆ ಮುರಿಯುವ ಹೆಣ್ಣುಮಕ್ಕಳಿಗೆ ತಲೆಸುತ್ತು, ವಾಂತಿ ಬರುತ್ತದೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುವುದರಿಂದ ಅದು ಬರುವುದು. ಇವೆಲ್ಲ ಹರಾಜಿನ ಚೀಟಿಯಲ್ಲಿ ಬರೆಯುವ ಖರ್ಚುಗಳಲ್ಲ. ನಮ್ಮ ಕಾಯಕದಿಂದ ಯಾರಿಗೂ ಕೆಡುಕಾಗಬಾರದು ಎಂದು ನಂಬಿದವರು ನಾವು. ಅದನ್ನು ನಂಬಿದ ಮೇಲೆ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಂದೇ ಬಿಡಲಾಗದವರು ಇಂದು ಮಾಡಬಹುದಾದದ್ದು ಇಷ್ಟು. ಕಡಿದಷ್ಟು ಮರ ನಿಮ್ಮ ಬದುವಿನಲ್ಲೇ ನೆಟ್ಟು ಬೆಳೆಸಿ. ಎಲೆ ಮುರಿಯುವವರಿಗೆ ಕೈಗವಸು ಕೊಡಿಸಿ, ಇಬ್ಬನಿ ಆರಿದ ಮೇಲೆ ಕೆಲಸ ಹಿಡಿಸಿ. ತಂಬಾಕಿನ ಹೊಲದಲ್ಲಿ ಒಂದು ಎಕರೆಯನ್ನು ಬೇರೆ ಮಾಡಿ ಅಲ್ಲಿ ಕಾಳು, ತರಕಾರಿ, ಮೇವು ಬೆಳೆದು ಮೂರು ವರ್ಷ ಲೆಕ್ಕ ಬರೆಯಿರಿ. ಆ ಲೆಕ್ಕವೇ ನಿಮಗೆ ದಾರಿ ಹೇಳುತ್ತದೆ.

ಕಾಲುವೆಯ ನೀರು, ತೆಂಗಿನ ನೆರಳು

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಸುಮಾರು 37 ಟಿಎಂಸಿ ನೀರು ನಿಲ್ಲುವ ಜಲಾಶಯ ಅದು. ಅದಕ್ಕಾಗಿ ಮನೆ, ಹೊಲ ಕಳೆದುಕೊಂಡವರೂ ನಮ್ಮ ಜಿಲ್ಲೆಯವರೇ. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ನಮ್ಮ ಗದ್ದೆಗೆ ಬರುತ್ತಿದೆ ಎಂಬುದನ್ನು ಹೊಳೆನರಸೀಪುರ, ಚನ್ನರಾಯಪಟ್ಟಣದ ಕಾಲುವೆ ರೈತರು ಮರೆಯಬಾರದು. ಮೇಲ್ಭಾಗದವರು ಗದ್ದೆ ತುಂಬಿ ಚೆಲ್ಲುವಷ್ಟು ನೀರು ಕಟ್ಟಿದರೆ, ಕೊನೆಭಾಗದವರು ಒಣಗಿದ ಕಾಲುವೆ ನೋಡುತ್ತ ಕೂರುತ್ತಾರೆ. ಮೇಲಿನವನ ಗದ್ದೆ ಜೌಗಾಗಿ ಕೆಡುತ್ತದೆ, ಕೆಳಗಿನವನ ಗದ್ದೆ ನೀರಿಲ್ಲದೆ ಕೆಡುತ್ತದೆ. ಭತ್ತಕ್ಕೆ ಸದಾ ನಿಂತ ನೀರು ಬೇಕಿಲ್ಲ. ತೆನೆ ಒಡೆಯುವ, ಹಾಲು ತುಂಬುವ ಹೊತ್ತಿನಲ್ಲಿ ನೀರು ತಪ್ಪಬಾರದು. ಉಳಿದಂತೆ ನೀರು ಹಾಯಿಸಿ, ಆರಲು ಬಿಟ್ಟು, ಮತ್ತೆ ಹಾಯಿಸಿದರೆ ಬೇರು ಆಳಕ್ಕೆ ಇಳಿಯುತ್ತದೆ, ನೀರೂ ಉಳಿಯುತ್ತದೆ. ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿ ಹೆಸರೋ ಉದ್ದೋ ಅಲಸಂದೆಯೋ ಚೆಲ್ಲಿದರೆ ಅಡುಗೆಗೆ ಕಾಳು, ದನಕ್ಕೆ ಹೊಟ್ಟು, ಮಣ್ಣಿಗೆ ಸಾರಜನಕ.

ಈ ಸೀಮೆಯ ರಾಜಮುಡಿ ಭತ್ತವನ್ನು ನಮ್ಮ ಮಕ್ಕಳು ಬೆಂಗಳೂರಿನ ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದಾರೆ. ಮೈಸೂರು ಅರಮನೆಗೆ ಹೋಗುತ್ತಿದ್ದ ಅಕ್ಕಿ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಎತ್ತರಕ್ಕೆ ಬೆಳೆಯುವ ತಳಿ. ಯೂರಿಯಾ ಸುರಿದರೆ ಮಲಗಿಬಿಡುತ್ತದೆ. ಹಟ್ಟಿ ಗೊಬ್ಬರ, ಹಸಿರೆಲೆ ಗೊಬ್ಬರ ಕೊಟ್ಟರೆ ನಿಂತು ಬೆಳೆಯುತ್ತದೆ, ದನಕ್ಕೆ ಉದ್ದನೆಯ ಹುಲ್ಲು ಕೊಡುತ್ತದೆ. ಇಳುವರಿ ಸುಧಾರಿತ ತಳಿಗಿಂತ ಕಡಿಮೆ, ಅದನ್ನು ಮುಚ್ಚಿಡಬೇಕಿಲ್ಲ. ಖರ್ಚೂ ಕಡಿಮೆ, ದರ ಹೆಚ್ಚು. ಮೂರನ್ನೂ ಕೂಡಿ ಕಳೆದು ನೋಡಿದ ಮೇಲೆ ತೀರ್ಮಾನಿಸಿ.

ಚನ್ನರಾಯಪಟ್ಟಣದ ಕಡೆ ತೆಂಗೇ ಮನೆಯ ಹಿರಿಮಗ. ಆದರೆ ಆ ಹಿರಿಮಗನನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ವರ್ಷವಿಡೀ ಕಾಯಿ ಕೆಡವಿಕೊಂಡು, ಬಿದ್ದ ಗರಿಯನ್ನು ಗುಡ್ಡೆ ಹಾಕಿ ಬೆಂಕಿ ಇಡುತ್ತೇವೆ. 1990ರ ದಶಕದ ಕೊನೆಗೆ ನುಸಿ ಪೀಡೆ ಬಂತು. ಕಪ್ಪುತಲೆ ಹುಳು ಆಗಾಗ ಬರುತ್ತಲೇ ಇದೆ. ಈಚೆಗೆ ಬಿಳಿ ನೊಣ. ಸೊರಗಿದ ಮರಕ್ಕೆ ಇವೆಲ್ಲದರ ಏಟು ಜೋರು. ಕಪ್ಪುತಲೆ ಹುಳುವನ್ನು ತಿನ್ನುವ ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕೀಟವನ್ನು ತೋಟಕ್ಕೆ ಬಿಟ್ಟು ಹುಳುವನ್ನು ಹತೋಟಿಗೆ ತರಬಹುದು. ಆದರೆ ಒಬ್ಬನ ತೋಟದಲ್ಲಿ ಬಿಟ್ಟು, ಪಕ್ಕದವನು ವಿಷ ಹೊಡೆದರೆ ಆ ಕೀಟವೂ ಸಾಯುತ್ತದೆ. ಇದು ಊರು ಕೂಡಿ ಮಾಡಬೇಕಾದ ಕೆಲಸ. ಗರಿ, ಸಿಪ್ಪೆಯನ್ನು ಸುಡುವುದನ್ನು ಇಂದಿನಿಂದಲೇ ನಿಲ್ಲಿಸೋಣ. ಎರಡು ಸಾಲು ಮರದ ನಡುವೆ ಕಾಲುವೆ ತೋಡಿ ಸಿಪ್ಪೆ ತುಂಬಿ ಮಣ್ಣು ಮುಚ್ಚಿದರೆ ಮಳೆ ನೀರನ್ನು ಅದು ಹಿಡಿದಿಡುತ್ತದೆ. ಸಿಪ್ಪೆಯಲ್ಲಿರುವ ಪೊಟ್ಯಾಷ್ ನಿಧಾನವಾಗಿ ಮರಕ್ಕೇ ಮರಳುತ್ತದೆ. ದುಡ್ಡು ಕೊಟ್ಟು ತರುವ ಪೊಟ್ಯಾಷ್‌ನಲ್ಲಿ ಒಂದು ಭಾಗವನ್ನು ನಾವು ಕೈಯಾರೆ ಹೊಗೆ, ಬೂದಿ ಮಾಡುತ್ತಿದ್ದೇವೆ.

ಲಕ್ಕಮ್ಮ ತಾಯಿಯ ಅಳತೆ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಒಳಗೆ ಸೇರಿಸಲಿಲ್ಲ. ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಗಂಡನಿಗೆ ಹೇಳಿದರು. ನಾವು ಈ ಪ್ರಸಂಗವನ್ನು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಹೊಲಕ್ಕೆ ಹೋದ ಮೇಲೆ ಮರೆಯುತ್ತೇವೆ.

ನೀರಿನ ಲೆಕ್ಕವನ್ನು ಲಕ್ಕಮ್ಮ ತಾಯಿಯ ಅಳತೆಯಲ್ಲಿ ಹಾಕೋಣ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು 40 ಸಾವಿರ ಲೀಟರ್. ವರ್ಷಕ್ಕೆ 600 ಮಿ.ಮೀ. ಬಿದ್ದರೂ ಒಂದು ಎಕರೆಗೆ 24 ಲಕ್ಷ ಲೀಟರ್. ಇಷ್ಟನ್ನು ಆಕಾಶ ನಮ್ಮ ಮನೆ ಬಾಗಿಲಿಗೆ ತಂದು ಸುರಿಯುತ್ತದೆ. ನಾವು ಬದು ಒಡೆದು, ಇಳಿಜಾರಿಗೆ ಉದ್ದುದ್ದ ಉತ್ತು, ಅದನ್ನು ಮೇಲ್ಮಣ್ಣಿನ ಸಮೇತ ಹಳ್ಳಕ್ಕೆ ಕಳಿಸಿ, ಆಮೇಲೆ ನೂರಾರು ಅಡಿ ಆಳಕ್ಕೆ ಕೊಳವೆಬಾವಿ ಕೊರೆಸಲು ಸಾಲ ಮಾಡುತ್ತೇವೆ. ಅಲ್ಲಿರುವುದು ನಮ್ಮ ಅಜ್ಜಂದಿರ ಕಾಲದ ಮಳೆ. ಇಂಗಿಸದೆ ಎತ್ತುವುದು ಅಳತೆ ಮೀರಿ ತರುವುದೇ.

ಇನ್ನೊಂದು ಮಾತು. ಬಾವಿಯ ಪಾಯಿಂಟ್ ತೋರಿಸಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರಿಗೆ ನಾವು ಇಂದಿಗೂ ಸಾವಿರಾರು ರೂಪಾಯಿ ಕೊಡುತ್ತೇವೆ. ಕಾಯಿ ನಿಂತ ಕಡೆ ನೀರು ಬರಲಿಲ್ಲವೆಂದರೆ ಗ್ರಹಗತಿ ಎನ್ನುತ್ತೇವೆ. ಬಸವಾದಿ ಶರಣರು ಇಂಥ ಮೂಢನಂಬಿಕೆಯಿಂದ ನಮ್ಮನ್ನು ಬಿಡಿಸಿ ಎಂಟುನೂರು ವರ್ಷ ಮೀರಿತು. ಕಾಯಿ ಹಿಡಿಯುವವನಿಗೆ ಕೊಡುವ ಹಣದಲ್ಲಿ ಬಾವಿಯ ಪಕ್ಕ ಒಂದು ಇಂಗುಗುಂಡಿ ತೋಡಿಸಬಹುದು.

ಮಣ್ಣಿನ ಸಾಲ

ಮಣ್ಣಿಗೂ ಇದೇ ಅಳತೆ. ನಮ್ಮ ಕೆಂಪು ಮರಳು ಮಿಶ್ರಿತ ನೆಲದ ದೊಡ್ಡ ಕೊರತೆ ಸಾವಯವ ಇಂಗಾಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಅದು 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.75 ದಾಟಿದರೆ ‘ಹೆಚ್ಚು’ ಎಂದು ಬರೆಯುತ್ತಾರೆ. 2015ರಿಂದ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದ್ದಾರೆ. ಬಹಳ ಮನೆಗಳಲ್ಲಿ ಅದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಕೊಂಡಿದೆ. ಇಂದು ಮನೆಗೆ ಹೋದ ಮೇಲೆ ತೆಗೆದು ಆ ಒಂದು ಅಂಕಿಯನ್ನು ಓದಿ. ಅದು ನಿಮ್ಮ ಹೊಲದ ಪಾಸ್‌ಬುಕ್. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಇದೆ, ಇಂಗಾಲ ಇಲ್ಲದ ಮಣ್ಣು ಅದನ್ನು ಹಿಡಿದಿಡಲಾರದು. ಒಂದು ಪಾಲು ಗಾಳಿಗೆ, ಒಂದು ಪಾಲು ನೀರಿಗೆ ಹೋಗುತ್ತದೆ. ಜೊತೆಗೆ ವರ್ಷ ವರ್ಷವೂ ಯೂರಿಯಾ, ಡಿಎಪಿಯನ್ನೇ ಹಾಕುತ್ತ ಬಂದರೆ ಮಣ್ಣಿನ ಹುಳಿ ಏರುತ್ತದೆ. ಆಗ ಎಷ್ಟು ಗೊಬ್ಬರ ಕೊಟ್ಟರೂ ಬೇರು ಹೀರುವುದಿಲ್ಲ. ಪರೀಕ್ಷೆಯಲ್ಲಿ ಹುಳಿ ಹೆಚ್ಚೆಂದು ಬಂದರೆ ಮೊದಲು ಸುಣ್ಣ ಕೊಡಿ.

ಹಾಗಾದರೆ ರಾಸಾಯನಿಕ ಗೊಬ್ಬರವನ್ನು ನಾಳೆಯೇ ಬಿಡಬೇಕೇ? ಇಲ್ಲಿ ಆತುರ ಬೇಡ. 2021ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಬೇಕಾದಷ್ಟು ಸಾವಯವ ಗೊಬ್ಬರ ಇರಲಿಲ್ಲ, ರೈತರಿಗೆ ಸಿದ್ಧತೆ ಇರಲಿಲ್ಲ. ಭತ್ತದ ಇಳುವರಿ ಬಿದ್ದಿತು, ಚಹಾ ಬಿದ್ದಿತು, ನವೆಂಬರ್ ಹೊತ್ತಿಗೆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಒಳ್ಳೆಯ ಉದ್ದೇಶವಿದ್ದರೂ ಸಿದ್ಧತೆ ಇಲ್ಲದಿದ್ದರೆ ಬಡವರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ. ಇತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 1970ರ ದಶಕದ ಕೊನೆಯಿಂದಲೂ ಮಳೆಯಾಶ್ರಿತ ರಾಗಿ ಹೊಲದ ಮೇಲೆ ಒಂದು ಪ್ರಯೋಗವನ್ನು ನಡೆಸಿಕೊಂಡು ಬಂದಿದ್ದಾರೆ. ಬರೀ ರಾಸಾಯನಿಕ ಕೊಟ್ಟ ತಾಕಿನಲ್ಲಿ ವರ್ಷ ಕಳೆದಂತೆ ಇಳುವರಿ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನಷ್ಟು ರಾಸಾಯನಿಕ ಕೊಟ್ಟ ತಾಕು ಇಳುವರಿಯನ್ನು ಉಳಿಸಿಕೊಂಡಿತು. ಮೊದಲು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ತುಂಬಿ, ಮಣ್ಣು ಸುಧಾರಿಸಿದಂತೆಲ್ಲ ಚೀಲದ ಗೊಬ್ಬರವನ್ನು ಇಳಿಸುತ್ತ ಬರುವುದು ನಮಗೆ ಕ್ಷೇಮದ ದಾರಿ.

ಆ 10 ಟನ್ ಎಂದರೆ ಎಕರೆಗೆ ನಾಲ್ಕು ಟನ್. ಎಲ್ಲಿಂದ ತರುವುದು? ಒಂದು ಹಸು ದಿನಕ್ಕೆ ಹನ್ನೊಂದು ಕೆ.ಜಿ. ಸಗಣಿ ಹಾಕಿದರೂ ಎರಡು ಹಸುವಿಗೆ ವರ್ಷಕ್ಕೆ ಎಂಟು ಟನ್. ಕೊಳೆತು ಅರ್ಧಕ್ಕಿಂತ ಕಡಿಮೆಯಾದರೂ, ಮೇವಿನ ಉಳಿಕೆ, ಕಸಕಡ್ಡಿ, ಹೊಂಗೆ ಸೊಪ್ಪು ಸೇರಿದರೆ ಒಂದು ಎಕರೆಗೆ ಆಗುತ್ತದೆ. ಆದರೆ ನಮ್ಮ ತಿಪ್ಪೆಗಳನ್ನು ನೋಡಿ. ರಸ್ತೆ ಬದಿಯಲ್ಲಿ, ಬಿಸಿಲಲ್ಲಿ, ಮಳೆಯಲ್ಲಿ ತೆರೆದು ಬಿದ್ದಿವೆ. ಸಾರವೆಲ್ಲ ಹರಿದು ಚರಂಡಿ ಸೇರುತ್ತದೆ, ಉಳಿದ ನಾರನ್ನು ಹೊಲಕ್ಕೆ ಹೊಡೆಯುತ್ತೇವೆ. ಮರದ ನೆರಳಲ್ಲಿ ಗುಂಡಿ ತೆಗೆದು, ಪದರ ಪದರವಾಗಿ ಹಾಕಿ, ಗಂಜಲ ಸೇರಿಸಿ, ಮೇಲೆ ಮಣ್ಣು ಮೆತ್ತಿ. ಇದಕ್ಕೆ ಯಾವ ಸಬ್ಸಿಡಿಯೂ ಬೇಡ. ಜೀವಾಮೃತ ಮಾಡುವವರು ಮಾಡಲಿ, ಒಳ್ಳೆಯದೇ. ಆದರೆ ಜೀವಾಮೃತ ಹೆಪ್ಪು ಇದ್ದ ಹಾಗೆ. ಹಾಲಿಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಸೊಪ್ಪು, ಸೆದೆ, ಗೊಬ್ಬರ ಮಣ್ಣಿನಲ್ಲಿ ಮೊದಲು ಇರಬೇಕು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆಯುವುದನ್ನೂ ನೆನಪಿಸಿಕೊಳ್ಳಿ. ಹಿಂದೆ ಗಾಡಿ ಕಟ್ಟಿ ಇಡೀ ಊರು ಈ ಕೆಲಸ ಮಾಡುತ್ತಿತ್ತು. ಕೆರೆ ಆಳವಾಗುತ್ತಿತ್ತು, ಹೊಲ ಗಟ್ಟಿಯಾಗುತ್ತಿತ್ತು. ಈಗ ಕೆರೆಯ ಹೂಳು ಕೆರೆಯಲ್ಲೇ ಇದೆ.

ಅಕ್ಕಡಿ ಸಾಲಿಗೆ ಮರಳೋಣ

ನಮ್ಮ ರಾಗಿ ಹೊಲ ಬರೀ ರಾಗಿ ಹೊಲವಾಗಿರಲಿಲ್ಲ. ರಾಗಿ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ, ಅಂಚಿನಲ್ಲಿ ಹರಳು. ಒಂದಕ್ಕೆ ಮಳೆ ತಪ್ಪಿದರೆ ಇನ್ನೊಂದಕ್ಕೆ ಸಿಗುತ್ತಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು, ಜೋಳದ ತೆನೆಯ ಮೇಲೆ ಕೂತ ಹಕ್ಕಿ ಅವರೆಯ ಹುಳು ಹೆಕ್ಕುತ್ತಿತ್ತು. ಕೃಷಿ ವಿಜ್ಞಾನಿಗಳೂ ಇಂದು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ ಎನ್ನುತ್ತಿದ್ದಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ನವರನ್ನು ಈ ಸೀಮೆ ಮರೆಯಬಾರದು. ನಾಟಿ ತಳಿಯೂ ಇರಲಿ, ಅಂಥವರು ಕೊಟ್ಟ ತಳಿಯೂ ಇರಲಿ. ಎರಡಕ್ಕೂ ನಮ್ಮ ಹೊಲದಲ್ಲಿ ಜಾಗ ಇದೆ.

2017-18ರಲ್ಲಿ ಕ್ವಿಂಟಲ್‌ಗೆ 1,900 ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆ 2024-25ರಲ್ಲಿ 4,290 ರೂಪಾಯಿ ಆಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಬಡವರ ಅನ್ನ ಎಂದು ಕೀಳಾಗಿ ಕಂಡ ರಾಗಿಗೆ ಈಗ ಬೆಲೆಯೂ ಬಂದಿದೆ, ಮರ್ಯಾದೆಯೂ ಬಂದಿದೆ. ಬೆದ್ದಲು ಇರುವವರು ಅದನ್ನು ಬಿಡಬೇಡಿ.

ಇನ್ನು ಬೀಜ. ಬೂದಿ ಬೆರೆಸಿ, ಹೊಂಗೆ ಎಲೆ ಹಾಸಿ, ಮಡಕೆಯಲ್ಲಿ ಬೀಜ ಕಾದವರು ನಮ್ಮ ತಾಯಂದಿರು. ಯಾವ ತೆನೆ ಬೀಜಕ್ಕೆ, ಯಾವುದು ಊಟಕ್ಕೆ ಎಂದು ಕಣದಲ್ಲೇ ಆರಿಸುತ್ತಿದ್ದವರೂ ಅವರೇ. ಕಳೆ ಕೀಳುವುದರಿಂದ ಹಾಲು ಕರೆಯುವ ತನಕ ಬೇಸಾಯದ ಬಹುಪಾಲು ದುಡಿಮೆ ಹೆಣ್ಣಿನದು. ಪಹಣಿಯಲ್ಲಿ ಮಾತ್ರ ಗಂಡಸಿನ ಹೆಸರು. ಹೆಣ್ಣು ಗಂಡು ಸಮಾನ ಎಂದು ಅನುಭವ ಮಂಟಪದಲ್ಲಿ ಕೂರಿಸಿದ ಪರಂಪರೆ ನಮ್ಮದು. ಏನು ಬೆಳೆಯಬೇಕು, ಎಷ್ಟು ಸಾಲ ಮಾಡಬೇಕು ಎಂಬ ತೀರ್ಮಾನದಲ್ಲಿ ಮನೆಯಾಕೆಯ ಮಾತು ನಡೆದರೆ ಎಷ್ಟೋ ಹೊಲಗಳು ಉಳಿಯುತ್ತವೆ. ಒಂದು ವಾರದ ಮದುವೆ ವೈಭವಕ್ಕೆ ಒಂದು ಎಕರೆ ಹೋಗುವುದೂ ತಪ್ಪುತ್ತದೆ. ಸರಳ ಮದುವೆಯೂ ಸುಸ್ಥಿರ ಕೃಷಿಯ ಒಂದು ಪಾಠವೇ.

ಮಠದ ಪಂಕ್ತಿಯಿಂದ ಹೊಲದ ತನಕ

ಕೊನೆಯದಾಗಿ ಒಂದು ಬಿನ್ನಹ. ಇದು ಪೂಜ್ಯರಲ್ಲಿ, ಮಠದ ಭಕ್ತರಲ್ಲಿ.

ರೈತನಿಗೆ ಹೀಗೆ ಬೆಳೆ, ಹಾಗೆ ಬೆಳೆ ಎಂದು ಹೇಳುವವರು ಬಹಳ. ಬೆಳೆದದ್ದನ್ನು ಕೊಳ್ಳುತ್ತೇನೆ ಎನ್ನುವವರು ಕಡಿಮೆ. ನಮ್ಮ ಮಠಗಳಲ್ಲಿ, ಪ್ರಸಾದನಿಲಯಗಳಲ್ಲಿ ದಿನವೂ ಸಾವಿರಾರು ಮಕ್ಕಳು ಊಟಕ್ಕೆ ಕೂರುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ರಾಗಿ ಮುದ್ದೆಯೇ ಮಕ್ಕಳ ಮುಖ್ಯ ಊಟ. ಸುತ್ತಲಿನ ರೈತರು ತಮ್ಮ ಹೊಲದ ಧಾನ್ಯವನ್ನು ತಂದು ಒಪ್ಪಿಸುವ ರೂಢಿ ಅಲ್ಲಿದೆ. ನಮ್ಮ ಭಾಗದ ಮಠಗಳೂ ಹೀಗೊಂದು ತೀರ್ಮಾನ ಮಾಡಲಿ: ವರ್ಷಕ್ಕೆ ಬೇಕಾದ ರಾಗಿ, ಅವರೆ, ತೊಗರಿ, ಅಕ್ಕಿ, ತರಕಾರಿಯಲ್ಲಿ ಒಂದು ಪಾಲನ್ನು ವಿಷ ಬಿಟ್ಟು ಬೆಳೆದ ರೈತರಿಂದಲೇ, ಬಿತ್ತನೆಗೆ ಮೊದಲೇ ದರ ನಿಗದಿ ಮಾಡಿ, ಕೊಳ್ಳುತ್ತೇವೆ ಎಂದು. ತಂಬಾಕಿಗೆ ಇರುವ ಭರವಸೆ ಅವರೆಗೂ ಸಿಕ್ಕಂತಾಗುತ್ತದೆ. ದಾನಕ್ಕೆ ಬಂದ ಧಾನ್ಯ ಬೇರೆ; ದರ ಕೊಟ್ಟು ಕೊಳ್ಳುವ ಧಾನ್ಯ ಬೇರೆ. ಎರಡೂ ಇರಲಿ. ಬೆಳೆ ನಿಜವಾಗಿ ವಿಷಮುಕ್ತವೇ ಎಂದು ನೋಡಲು ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಎಂಬ ದೃಢೀಕರಣ ಪದ್ಧತಿ ಇದೆ. ಅದಕ್ಕೆ ಖರ್ಚು ಕಡಿಮೆ, ಬೇಕಾದದ್ದು ಪ್ರಾಮಾಣಿಕತೆ.

ಸುತ್ತೂರು ಮಠದ ಆಶ್ರಯದಲ್ಲಿ, ತರಳಬಾಳು ಸಂಸ್ಥೆಯ ಆಶ್ರಯದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳು ನಡೆಯುತ್ತಿವೆ. ಸಿರಿಗೆರೆಯ ಪೂಜ್ಯರು ಕೆರೆ ತುಂಬಿಸುವ ಯೋಜನೆಗಳ ಬೆನ್ನಿಗೆ ನಿಂತದ್ದನ್ನು ನಾಡು ಕಂಡಿದೆ. ನಮ್ಮ ಜಿಲ್ಲೆಗೆ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಅವರನ್ನು ಮಠದ ಅಂಗಳಕ್ಕೆ ಕರೆಯೋಣ. ಮಠದ ಜಮೀನಿನಲ್ಲಿ ಎರಡು ಎಕರೆಯನ್ನು ಎಲ್ಲರೂ ಬಂದು ನೋಡುವ ಹೊಲವಾಗಿ ಮಾಡೋಣ. ಖರ್ಚು, ಇಳುವರಿ, ಸೋಲು, ಗೆಲುವು ಎಲ್ಲವನ್ನೂ ಹಲಗೆಯ ಮೇಲೆ ಬರೆದು ನಿಲ್ಲಿಸೋಣ. ಜಾತ್ರೆಗೆ ಬಂದವರು ತೇರು ನೋಡಿದ ಮೇಲೆ ಆ ಹೊಲವನ್ನೂ ನೋಡಿ ಹೋಗಲಿ. ಆ ಹೊಲದಲ್ಲಿ ದುಡಿಯುವ ಕೂಲಿಯವರಿಗೆ ಹೆಣ್ಣು ಗಂಡು ಭೇದವಿಲ್ಲದೆ ಸಮಾನ ಕೂಲಿ ಸಲ್ಲಲಿ. ನೆಲವನ್ನು ಪ್ರೀತಿಸಿ, ನೆಲದಲ್ಲಿ ದುಡಿಯುವವರನ್ನು ದೂರವಿಟ್ಟರೆ ಅದಕ್ಕೆ ಶರಣರ ಒಪ್ಪಿಗೆ ಇರುವುದಿಲ್ಲ.

ನೀವು ಮನೆಗೆ ಹೋಗಿ ಮಾಡಬೇಕಾದದ್ದು ಇಷ್ಟೇ. ಇರುವ ಜಮೀನಿನಲ್ಲಿ ನಾಲ್ಕನೇ ಒಂದು ಭಾಗವನ್ನು ಗುರುತು ಮಾಡಿ. ಮೊದಲ ವರ್ಷ ಅದರ ಬದು ಸರಿಪಡಿಸಿ, ಹಸಿರೆಲೆ ಗೊಬ್ಬರ ಬೆಳೆದು ಉತ್ತುಬಿಡಿ. ಎರಡನೇ ವರ್ಷ ಅಕ್ಕಡಿ ಸಾಲಿನ ರಾಗಿ ಹಾಕಿ, ಚೀಲದ ಗೊಬ್ಬರವನ್ನು ಅರ್ಧಕ್ಕೆ ಇಳಿಸಿ. ಮೂರನೇ ವರ್ಷ ಮಣ್ಣು ಪರೀಕ್ಷೆ ಮಾಡಿಸಿ, ಹಳೆಯ ಚೀಟಿಯ ಪಕ್ಕ ಹೊಸ ಚೀಟಿ ಇಟ್ಟು ನೋಡಿ. ಇಳುವರಿ ಮೊದಲೆರಡು ವರ್ಷ ತುಸು ಇಳಿಯಬಹುದು. ನಾಲ್ಕನೇ ಒಂದು ಭಾಗ ಮಾತ್ರ ಎಂದು ನಾನು ಹೇಳುತ್ತಿರುವುದು ಆ ನಷ್ಟವನ್ನು ಮನೆ ತಡೆದುಕೊಳ್ಳಲಿ ಎಂದೇ. ಲೆಕ್ಕ ಸರಿಬಂದರೆ ಇನ್ನೊಂದು ಭಾಗಕ್ಕೆ ಹೋಗಿ. ಬರದಿದ್ದರೆ ಮುಂದಿನ ಸಭೆಗೆ ಆ ಲೆಕ್ಕದ ಪುಸ್ತಕವನ್ನು ತನ್ನಿ, ಎಲ್ಲಿ ತಪ್ಪಿತೆಂದು ಕೂಡಿ ನೋಡೋಣ.

ಒಕ್ಕಲಿಗ ಮುದ್ದಣ್ಣ ಶರಣರು ಉಳುವ, ಬಿತ್ತುವ, ಕಳೆ ತೆಗೆಯುವ ಮಾತುಗಳಲ್ಲೇ ಅನುಭಾವವನ್ನು ಹೇಳಿದವರು. ಹೊಲ ಅವರಿಗೆ ಹೊಟ್ಟೆಪಾಡಿನ ಜಾಗವೂ ಹೌದು, ಸಾಧನೆಯ ಜಾಗವೂ ಹೌದು. ದುಡಿದದ್ದರಲ್ಲಿ ಒಂದು ಪಾಲನ್ನು ಸಮಾಜಕ್ಕೆ ಮರಳಿಸುವುದು ದಾಸೋಹ ಎಂದು ಕಲಿತಿದ್ದೇವೆ. ಆ ಪಂಕ್ತಿಯಲ್ಲಿ ಮಣ್ಣಿಗೂ ಒಂದು ಎಲೆ ಹಾಕೋಣ. ನಮಗೆಲ್ಲ ಬಡಿಸುತ್ತ ಬಂದ ಅದು ಇದುವರೆಗೆ ಉಂಡೇ ಇಲ್ಲ.